ಎಸ್‌ಡಿಆರ್‌ನಲ್ಲಿ (ಕಂಪ್ಯೂಟರ್ ಸಾಫ್ಟ್‌ವೇರ್‌ನಿಂದ ನಡೆಯೋ ರೇಡಿಯೋ) ಆಡಿಯೋ ತಡವಾಗಿ ಬರ್ತಿದೆ, ಮಾತು ಮುಗಿಸಿ ಓವರ್ ಕೊಡುವಾಗ ಕೊನೇ ಪದ ಕಟ್ ಆಗ್ತಿದೆ, ಎಲ್ಲಿ ಹುಡುಕ್ಲಿ?

ಮೂಡಿಗೆರೆ_ತೋಟ

ಎಲ್ರಿಗೂ ನಮಸ್ಕಾರ. ಮೂಡಿಗೆರೆ ಕಡೆಯವನು ನಾನು, ಹ್ಯಾಮ್ ರೇಡಿಯೋ ಲೈಸೆನ್ಸ್ ಬಂದು ಒಂದು ವರ್ಷ ಆಯ್ತು, ರಿಸ್ಟ್ರಿಕ್ಟೆಡ್ ಗ್ರೇಡ್. ರಿಗ್ (ರೇಡಿಯೋ ಸೆಟ್) ಹರ್ಮಿಸ್ ಲೈಟ್ 2, 5 ವ್ಯಾಟ್, ತೋಟದಲ್ಲಿ ಎರಡು ಸಿಲ್ವರ್ ಓಕ್ ಮರದ ಮಧ್ಯೆ 40 ಮೀಟರ್ ಡೈಪೋಲ್ ಕಟ್ಟಿದೀನಿ, ಒಂದೊಂದು ಕಡೆ ಹತ್ತು ಮೀಟರ್ ವೈರ್. ಲ್ಯಾಪ್‌ಟಾಪಲ್ಲಿ ವಿಂಡೋಸ್, ಸಾಫ್ಟ್‌ವೇರ್ ಥೀಟಿಸ್, ರಿಗ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ನೆಟ್‌ವರ್ಕ್ ಕೇಬಲ್. ಆಂಟೆನಾ ಬಗ್ಗೆ ಯಾವ ದೂರೂ ಇಲ್ಲ, ಬೆಳಗ್ಗೆ ಹೊತ್ತು ಸ್ಟೇಷನ್‌ಗಳು ಚೆನ್ನಾಗೇ ಕೇಳ್ತವೆ.

ತೊಂದರೆ ಏನು ಅಂದ್ರೆ ತಡ. ಬೆಳಗ್ಗೆ ನೆಟ್‌ನಲ್ಲಿ (ಹ್ಯಾಮ್‌ಗಳು ರೇಡಿಯೋದಲ್ಲಿ ಸರದಿ ಪ್ರಕಾರ ಮಾತಾಡೋ ಕೂಟ) ಅದನ್ನ ನಡೆಸೋ ಕಂಟ್ರೋಲ್ ಸ್ಟೇಷನ್ "ಮುಂದಿನವರು ಬನ್ನಿ" ಅಂದಿದ್ದು ನನ್ನ ಕಿವಿಗೆ ಬಿದ್ದು ನಾನು ಪಿಟಿಟಿ (ಮಾತಾಡೋಕೆ ಒತ್ತೋ ಬಟನ್) ಒತ್ತೋ ಹೊತ್ತಿಗೆ ಬೇರೆಯವರು ಆಗಲೇ ಮಾತಾಡ್ತಾ ಇರ್ತಾರೆ, ನಾನು ಅವ್ರ ಮೇಲೆ ಬಿದ್ದ ಹಾಗೆ ಆಗುತ್ತೆ, ಎರಡು ಸಲ "ದಯವಿಟ್ಟು ಕಾಯಿರಿ" ಅಂತ ಹೇಳಿಸ್ಕೊಂಡೆ, ತುಂಬಾ ಬೇಜಾರಾಯ್ತು. ಇನ್ನೊಂದು, ನಾನು ಮಾತು ಮುಗಿಸಿ ಪಿಟಿಟಿ ಬಿಟ್ರೆ ಕೊನೇ ಪದ ಅವ್ರಿಗೆ ಹೋಗ್ತಾ ಇಲ್ಲ. "ಸೆವೆಂಟಿ ತ್ರೀ" (ಹ್ಯಾಮ್‌ಗಳು ಮಾತು ಮುಗಿಸುವಾಗ ಹೇಳೋ ಶುಭಾಶಯ) ಅಂತ ನಾನು ಪೂರ್ತಿ ಹೇಳಿರ್ತೀನಿ, ಅವ್ರಿಗೆ "ಸೆವೆಂಟಿ" ಅಂತ ಅಷ್ಟೇ ಕೇಳುತ್ತಂತೆ.

ಮೂರನೇದು, ಜನರಲ್ ಗ್ರೇಡ್ ಪರೀಕ್ಷೆಗೆ ಮೋರ್ಸ್ ಕಲೀತಾ ಇದೀನಿ, ನಿಮಿಷಕ್ಕೆ 8 ಪದ ಬೇಕಲ್ಲ, ಆಂಟೆನಾ ಬದಲು ಡಮ್ಮಿ ಲೋಡ್ ಹಾಕ್ಕೊಂಡು ಪ್ರಾಕ್ಟೀಸ್ ಮಾಡ್ತೀನಿ. ಸೈಡ್‌ಟೋನ್ (ನಾನು ಹೊಡೆದಿದ್ದು ನನಗೇ ಕೇಳೋ ಶಬ್ದ) ಎಷ್ಟು ತಡ ಅಂದ್ರೆ ಎಸ್ ಹೊಡೆಯೋಕೆ ಹೋಗಿ ಮೂರನೇ ಚುಕ್ಕಿ ಇನ್ನೂ ಕೇಳಿಲ್ವಲ್ಲ ಅಂತ ಕೈ ಇನ್ನೊಂದು ಹೊಡೆದುಬಿಡುತ್ತೆ, ಎಚ್ ಆಗೋಗುತ್ತೆ.

ಇಲ್ಲಿವರೆಗೆ ಮಾಡಿರೋದು: ಫಿಲ್ಟರ್ ಸೈಜ್ ಅತಿ ದೊಡ್ಡದು 16384 ಇಟ್ಟಿದೀನಿ (ಶಾರ್ಪ್ ಆಗಿರುತ್ತೆ ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು), ಎನ್‌ಆರ್2 (ನಾಯ್ಸ್ ರಿಡಕ್ಷನ್) ಯಾವಾಗ್ಲೂ ಆನ್, ಯಾಕಂದ್ರೆ ಆನೆಗೆ ಅಂತ ಹಾಕಿರೋ ಸೋಲಾರ್ ಬೇಲಿ ಟಕ್ ಟಕ್ ಅಂತ ಸೆಕೆಂಡಿಗೊಂದು ಸಲ ಹೊಡೀತಾನೇ ಇರುತ್ತೆ. ಮಧ್ಯ ಮಧ್ಯ ಆಡಿಯೋ ಕರಕರ ಅಂತ ಹರಿಯೋದು, ಅದಕ್ಕೆ ವಿಎಸಿ (ಥೀಟಿಸ್‌ಗೂ ಲ್ಯಾಪ್‌ಟಾಪ್ ಸೌಂಡ್‌ಗೂ ಮಧ್ಯದ ಆಡಿಯೋ ದಾರಿ) ಬಫರ್ 2048 ಮಾಡಿ ಲೇಟೆನ್ಸಿ, ಅಂದ್ರೆ ತಡ, 120 ಮಿಲಿಸೆಕೆಂಡಿಗೆ ಏರಿಸಿದೆ, ಕರಕರ ನಿಂತಿತು. ಹೊಸ ಲ್ಯಾಪ್‌ಟಾಪ್ ತಗೋಬೇಕಾ? ಈ ಸಲ ಮಳೆಗೆ ಕಾಯಿ ಉದುರಿದೆ, ಅಷ್ಟು ದುಡ್ಡು ಈಗ ಕಷ್ಟ, ಅದಿಲ್ದೆ ದಾರಿ ಇದ್ರೆ ಹೇಳಿ.

ಸಿಡಬ್ಲ್ಯು_ಸಕಲೇಶಪುರ

ಲ್ಯಾಪ್‌ಟಾಪ್ ತಗೋಬೇಡಿ, ಮೊದಲು ಎರಡು ಪ್ರಶ್ನೆಗೆ ಉತ್ತರ ಕೊಡಿ. ಕೇಳೋದು ಯಾವುದ್ರಲ್ಲಿ, ವೈರ್ ಇಯರ್‌ಫೋನಾ ಬ್ಲೂಟೂತಾ? ಕರಕರ ಯಾವಾಗ ಬರ್ತಿತ್ತು, ಯಾವಾಗ್ಲೂನಾ ಅಥವಾ ಕೆಲವು ಹೊತ್ತಲ್ಲಿ ಮಾತ್ರನಾ?

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ, ತಡ ಎಷ್ಟಿದೆ ಅಂತ ಅಳೀರಿ. ಅಳೆಯದೆ ಸೆಟ್ಟಿಂಗ್ ತಿರುಗಿಸ್ತಾ ಹೋದ್ರೆ ಯಾವುದ್ರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ. ಮನೇಲಿ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಇರುತ್ತಲ್ಲ, ಅದನ್ನ ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ಗೆ ಇಡಿ, ಎಸ್‌ಡಿಆರ್‌ನೂ ಎಎಮ್‌ನಲ್ಲಿ ಅದೇ 612ಕ್ಕೆ ಟ್ಯೂನ್ ಮಾಡಿ. ಟ್ರಾನ್ಸಿಸ್ಟರ್‌ನಲ್ಲಿ ತಡ ಅನ್ನೋದು ಇಲ್ಲವೇ ಇಲ್ಲ ಅಂದ್ಕೊಳಿ. ಮೊಬೈಲ್‌ನ ಎರಡರ ಮಧ್ಯೆ ಸರಿಯಾಗಿ ಇಟ್ಟು ರೆಕಾರ್ಡ್ ಮಾಡಿ, ಒಂದು ಕಡೆ ಒಂದು ಮೀಟರ್ ದೂರ ಜಾಸ್ತಿ ಆದ್ರೆ ಶಬ್ದ ಬರೋಕೇ 3 ಮಿಲಿಸೆಕೆಂಡ್ ಬೇಕು, ಅಷ್ಟು ತಪ್ಪು ಬಂದ್ರೆ ಪರವಾಗಿಲ್ಲ. ಮೃದಂಗ ತಬಲಾ ಇರೋ ಕಾರ್ಯಕ್ರಮ ಸಿಕ್ರೆ ಒಳ್ಳೇದು, ಒಂದೊಂದು ಪೆಟ್ಟೂ ಚೂಪಾಗಿ ಕಾಣುತ್ತೆ. ಆಮೇಲೆ ರೆಕಾರ್ಡಿಂಗ್‌ನ ಆಡಾಸಿಟಿಲಿ ಹಾಕಿ ದೊಡ್ಡದು ಮಾಡಿ ನೋಡಿ, ಒಂದೇ ಪೆಟ್ಟು ಎರಡು ಸಲ ಕಾಣುತ್ತೆ, ಮಧ್ಯದ ಅಂತರನೇ ನಿಮ್ಮ ತಡ.

ಕಳಿಸೋ ಕಡೆಗೂ ಹೀಗೇ ಮಾಡಬಹುದು. ರಿಗ್‌ಗೆ ಡಮ್ಮಿ ಲೋಡ್ ಹಾಕಿ ಪವರ್ ಕಮ್ಮಿ ಮಾಡಿ, ಪಕ್ಕದಲ್ಲಿ ಬೇರೆ ಶಾರ್ಟ್‌ವೇವ್ ರಿಸೀವರ್ ಇಟ್ಕೊಂಡು ಮೈಕ್‌ನ ಪೆನ್ನಿನಿಂದ ಒಂದು ಸಲ ಟಕ್ ಅನ್ಸಿ. ಪೆನ್ನಿನ ಶಬ್ದಕ್ಕೂ ರಿಸೀವರ್‌ನಿಂದ ಬಂದ ಶಬ್ದಕ್ಕೂ ಇರೋ ವ್ಯತ್ಯಾಸ ನೋಡಿ. ನಿಮ್ಮ "ತ್ರೀ" ಎಲ್ಲಿ ಹೋಗ್ತಿದೆ ಅಂತ ಅಲ್ಲೇ ಗೊತ್ತಾಗುತ್ತೆ. ನೀವು ಪಿಟಿಟಿ ಬಿಟ್ಟಾಗ ಆ ಪದ ಇನ್ನೂ ಲ್ಯಾಪ್‌ಟಾಪ್ ಒಳಗೇ ಇರುತ್ತೆ, ಆಂಟೆನಾಗೆ ಬಂದೇ ಇರಲ್ಲ.

ಹಾಸನ_ಇಂಜಿನಿಯರಿಂಗ್_ಹುಡುಗ

ಸರ್, ನಂಗೂ ಸೇಮ್ ಥರ ಆಗಿತ್ತು, ಎಫ್‌ಟಿ8ನಲ್ಲಿ (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸೋ ಡಿಜಿಟಲ್ ಮೋಡ್) ಯಾರೂ ಉತ್ತರನೇ ಕೊಡ್ತಿರ್ಲಿಲ್ಲ, ಆಮೇಲೆ ಲ್ಯಾಪ್‌ಟಾಪ್ ಟೈಮ್ ಇಂಟರ್ನೆಟ್ ಜೊತೆ ಸಿಂಕ್ ಮಾಡಿದ ಮೇಲೆ ಸರಿ ಹೋಯ್ತು. ಅದರ ಪ್ರೋಗ್ರಾಂ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಲ್ಲಿ ಡಿಟಿ (ಸೆಕೆಂಡಲ್ಲಿ ಸಮಯದ ವ್ಯತ್ಯಾಸ) ಅಂತ ಒಂದು ಕಾಲಮ್ ಇದೆ, ಅದು ಸೊನ್ನೆ ಹತ್ರ ಇರ್ಬೇಕು. ನಿಮ್ದೂ ಟೈಮ್ ಸಿಂಕ್ ಪ್ರಾಬ್ಲಮ್ಮೇ ಇರುತ್ತೆ, ಒಮ್ಮೆ ಚೆಕ್ ಮಾಡಿ.

ಹಾಸನ_ಹಳಬ

ತಮ್ಮಾ, ನೀನು ಹೇಳಿದ್ದು ಎಫ್‌ಟಿ8ಗೆ ನಿಜ, ಅವ್ರ ತೊಂದರೆಗೆ ಅಲ್ಲ. ಎಫ್‌ಟಿ8ನಲ್ಲಿ 15 ಸೆಕೆಂಡಿನ ಸರದಿ, ಅದರಲ್ಲಿ 12.64 ಸೆಕೆಂಡು ಕಳಿಸೋದು, ಅಲ್ಲಿ ಗಡಿಯಾರ ಸರಿ ಇರ್ಲೇಬೇಕು. ಅವ್ರು ಮಾತಾಡೋ ಎಸ್‌ಎಸ್‌ಬಿ ಧ್ವನಿ ಮೋಡ್‌ಗೂ ಗಡಿಯಾರಕ್ಕೂ ಸಂಬಂಧವೇ ಇಲ್ಲ, ಲ್ಯಾಪ್‌ಟಾಪ್ ಗಡಿಯಾರ ಒಂದು ಗಂಟೆ ಹಿಂದೆ ಇದ್ರೂ ಮಾತು ಅದೇ ಹೊತ್ತಿಗೇ ಬರುತ್ತೆ. ಆದ್ರೆ ಡಿಟಿ ಕಾಲಮ್ಮಿನ ಮಾತು ಎತ್ತಿದ್ದು ಒಳ್ಳೇದಾಯ್ತು. ಗಡಿಯಾರ ಸರಿಯಾಗಿ ಸಿಂಕ್ ಆಗಿದ್ದೂ ಎಲ್ಲಾ ಸ್ಟೇಷನ್ನಿಗೂ ಡಿಟಿ 0.4, 0.5 ಅಂತ ಒಂದೇ ಕಡೆಗೆ ವಾಲಿದ್ರೆ, ಅಷ್ಟು ತಡ ನಿನ್ನ ಸಾಫ್ಟ್‌ವೇರ್ ಒಳಗೇ ಇದೆ ಅಂತ ಅರ್ಥ.

ಈಗ ಮೂಡಿಗೆರೆಯವರಿಗೆ. ನೀವು ಬರೆದಿರೋದ್ರಲ್ಲೇ ಉತ್ತರ ಅರ್ಧಕ್ಕರ್ಧ ಇದೆ ಮಾರಾಯ್ರೆ. 16384 ಫಿಲ್ಟರ್ ಅಂದ್ರಲ್ಲ, ಲೆಕ್ಕ ಹಾಕೋಣ. ಲೀನಿಯರ್ ಫೇಸ್ ಫಿಲ್ಟರ್ ಆದ್ರೆ ಅದರ ಉದ್ದದಲ್ಲಿ ಅರ್ಧದಷ್ಟು ಸ್ಯಾಂಪಲ್ ತಡ ಆಗೇ ಆಗುತ್ತೆ, ಕಂಪ್ಯೂಟರ್ ಎಷ್ಟೇ ಫಾಸ್ಟ್ ಇರ್ಲಿ. 16384ರಲ್ಲಿ ಅರ್ಧ 8192, ಸೆಕೆಂಡಿಗೆ 48000 ಸ್ಯಾಂಪಲ್, ಭಾಗಿಸಿ, 171 ಮಿಲಿಸೆಕೆಂಡ್. ಇದು ಬರೀ ಫಿಲ್ಟರ್‌ದು. ಲಕ್ಷ ರೂಪಾಯಿ ಲ್ಯಾಪ್‌ಟಾಪ್ ತಂದ್ರೂ ಈ 171 ಒಂದು ಚೂರೂ ಕಮ್ಮಿ ಆಗಲ್ಲ, ಅದಕ್ಕೇ ದುಡ್ಡು ಹಾಕ್ಬೇಡಿ ಅನ್ನೋದು. 2048ಕ್ಕೆ ಇಳಿಸಿದ್ರೆ 21ಕ್ಕೆ ಬರುತ್ತೆ. ಅದರ ಪಕ್ಕದಲ್ಲೇ ಫಿಲ್ಟರ್ ಟೈಪ್ ಅಂತ ಇದೆ, ಲೀನಿಯರ್ ಫೇಸ್ ಬದಲು ಲೋ ಲೇಟೆನ್ಸಿ ಆರಿಸಿದ್ರೆ ಅದಕ್ಕಿಂತಲೂ ಕಮ್ಮಿ. ಮಾತು ಕೇಳೋಕೆ ವ್ಯತ್ಯಾಸ ಗೊತ್ತೇ ಆಗಲ್ಲ, ಡಿಜಿಟಲ್ ಮೋಡ್‌ಗೆ ಮಾತ್ರ ಲೀನಿಯರ್ ಇಟ್ಕೊಳಿ. ಸೆಟಪ್‌ನಲ್ಲಿ ಡಿಎಸ್‌ಪಿ, ಅದರೊಳಗೆ ಆಪ್ಷನ್ಸ್. ಕೇಳೋ ಕಡೆಗೆ ಬೇರೆ, ಕಳಿಸೋ ಕಡೆಗೆ ಬೇರೆ ಇದೆ, ಎರಡನ್ನೂ ಬದಲಾಯಿಸಿ. ಸುಮಾರು ಜನ ಕೇಳೋದನ್ನ ಮಾತ್ರ ಬದಲಾಯಿಸಿ ಕಳಿಸೋದನ್ನ ಮರೀತಾರೆ, ನಿಮ್ಮ "ತ್ರೀ" ನುಂಗ್ತಾ ಇರೋದು ಆ ಕಡೆ.

ಬಫರ್‌ಗೂ ಇದೇ ಲೆಕ್ಕ. 2048 ಅಂದ್ರೆ 43 ಮಿಲಿಸೆಕೆಂಡ್, ಒಂದು ತುಂಬೋವಾಗ ಇನ್ನೊಂದು ಖಾಲಿ ಆಗ್ತಿರ್ಬೇಕು, ಹಾಗಾಗಿ ಎರಡರಷ್ಟು ಅಂದ್ಕೊಳಿ, ಮೇಲೆ ನೀವೇ ಕೈಯಾರೆ ಇಟ್ಟ 120. ವಿಎಸಿಲಿ ಆರಿಸಿರೋ ವಿಂಡೋಸ್ ಆಡಿಯೋ ಡ್ರೈವರ್ ಎಂಎಂಇ ಇದ್ರೆ ಅದರದ್ದೇ ಬಫರ್ ಬೇರೆ, ವಾಸಾಪಿ ಅಥವಾ ಡಬ್ಲ್ಯುಡಿಎಂ-ಕೆಎಸ್‌ಗೆ ಬನ್ನಿ. ವಿಂಡೋಸ್ ಸೌಂಡ್ ಸೆಟ್ಟಿಂಗ್‌ನಲ್ಲಿ 44100 ಇದ್ರೆ 48000 ಮಾಡಿ, ಎನ್‌ಹ್ಯಾನ್ಸ್‌ಮೆಂಟ್ ಅಂತ ಏನೇನು ಇದೆಯೋ ಎಲ್ಲಾ ಆಫ್.

ಇನ್ನು ಬೇಲಿ ಟಕ್ ಟಕ್. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಸಕಲೇಶಪುರ ಆಲೂರು ಮೂಡಿಗೆರೆ ಈ ಕಡೆ ಆನೆ ಕಾಟ ಇರೋ ಕಡೆಯೆಲ್ಲಾ ಈ ಶಬ್ದ ಇದೆ. ಬೇಲಿ ಪೆಟ್ಟು ಕಣ್ಣು ಮಿಟುಕಿಸೋದ್ರೊಳಗೆ ಬಂದು ಹೋಗುತ್ತೆ. ಆಂಟೆನಾದಲ್ಲಿ ಅದು ಸೂಜಿ ಚುಚ್ಚಿದ ಹಾಗೆ ಇರುತ್ತೆ, ಶಾರ್ಪ್ ಫಿಲ್ಟರ್ ಒಳಗೆ ಹೋದ ಮೇಲೆ ಗಂಟೆ ಹೊಡೆದ ಹಾಗೆ ಎಳ್ಕೊಳುತ್ತೆ. ಫಿಲ್ಟರ್ ಎಷ್ಟು ಉದ್ದವೋ ಅಷ್ಟು ಎಳ್ಕೊಳುತ್ತೆ. ನೀವು ಶಬ್ದ ಕಮ್ಮಿ ಆಗ್ಲಿ ಅಂತ 16384 ಇಟ್ರಿ, ಅದು ಟಕ್ ಅನ್ನೋದನ್ನ ಟಣ್ ಮಾಡಿ ಕೊಡ್ತಾ ಇದೆ. ಎನ್‌ಆರ್2 ಸತತವಾಗಿ ಇರೋ ಸುಯ್ ಶಬ್ದಕ್ಕೆ, ಪೆಟ್ಟಿಗಲ್ಲ, ಮೇಲಿಂದ ಅದೂ ತಡ ಸೇರಿಸುತ್ತೆ. ಪೆಟ್ಟಿಗೆ ಇರೋದು ನಾಯ್ಸ್ ಬ್ಲ್ಯಾಂಕರ್, ಎನ್‌ಬಿ ಅಥವಾ ಎನ್‌ಬಿ2 ಬಟನ್. ಅದು ಫಿಲ್ಟರ್‌ಗಿಂತ ಮುಂಚೆ, ಸೂಜಿ ಇನ್ನೂ ಸೂಜಿಯಾಗಿ ಇರುವಾಗಲೇ ಹಿಡಿದು ಕತ್ತರಿಸುತ್ತೆ. ಎನ್‌ಆರ್2 ಆಫ್ ಮಾಡಿ ಎನ್‌ಬಿ ಆನ್ ಮಾಡಿ ನೋಡಿ. ಜೊತೆಗೆ ಬೇಲಿ ತಂತಿಗೆ ಬಳ್ಳಿ ಗಿಡ ತಾಗಿ ಕಿಡಿ ಹಾರ್ತಾ ಇದ್ರೆ ಸವರಿಸಿ, ಮಳೆಗಾಲದಲ್ಲಿ ಅದೇ ಜಾಸ್ತಿ ಆಗೋದು.

ಮೂಡಿಗೆರೆ_ತೋಟ

ಹಳಬರೇ, ಸಕಲೇಶಪುರದ ಮೇಡಂ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಿನ್ನೆ ಇಡೀ ಮಧ್ಯಾಹ್ನ ಮಳೆ, ತೋಟಕ್ಕೆ ಹೋಗೋ ಹಾಗಿರ್ಲಿಲ್ಲ, ಕೂತು ಅಳೆದೆ. ಅಪ್ಪನ ಕಾಲದ ಟ್ರಾನ್ಸಿಸ್ಟರ್‌ಗೆ ಸೆಲ್ ಹಾಕಿ 612 ಹಿಡಿದೆ, ಮೃದಂಗ ಸಿಗ್ಲಿಲ್ಲ, ಸುಗಮ ಸಂಗೀತದಲ್ಲಿ ತಬಲಾ ಸಿಕ್ತು.

ಮೊದಲ ಸಲ ಅಳೆದಾಗ 640 ಮಿಲಿಸೆಕೆಂಡ್! ಟ್ರಾನ್ಸಿಸ್ಟರ್‌ನಲ್ಲಿ ತಬಲಾ ಹೊಡೆದು ಸುಮ್ಮನಾದ ಮೇಲೆ ಎಸ್‌ಡಿಆರ್‌ನಲ್ಲಿ ಶುರು ಆಗ್ತಿತ್ತು. ಬ್ಲೂಟೂತ್ ನೆಕ್‌ಬ್ಯಾಂಡ್‌ನಲ್ಲಿ ಕೇಳ್ತಿದ್ದೆ ಮೇಡಂ, ಅದರ ಇಯರ್‌ಪೀಸ್‌ನ ಮೊಬೈಲ್ ಮೈಕ್‌ಗೇ ಒತ್ತಿ ಹಿಡಿದು ರೆಕಾರ್ಡ್ ಮಾಡಿದ್ದು. ಅದನ್ನ ತೆಗೆದು ವೈರ್ ಇಯರ್‌ಫೋನ್ ಹಾಕಿದ್ದಕ್ಕೇ 420ಕ್ಕೆ ಇಳೀತು. ಫಿಲ್ಟರ್ 2048, ಲೋ ಲೇಟೆನ್ಸಿ ಮಾಡ್ದೆ, 255. ಎನ್‌ಆರ್2 ತೆಗೆದೆ, 190. ಎನ್‌ಬಿ ಹಾಕಿದ್ದಕ್ಕೆ ಬೇಲಿ ಶಬ್ದ ನಿಜವಾಗ್ಲೂ ಹೋಯ್ತು, ಇಷ್ಟು ದಿನ ಅದರ ಜೊತೆ ಒದ್ದಾಡಿದ್ದೆ. ಆಮೇಲೆ ವಿಎಸಿ 512, ವಾಸಾಪಿ, ಲೇಟೆನ್ಸಿ ಮ್ಯಾನುಯಲ್ ಟಿಕ್ ತೆಗೆದೆ, 70ಕ್ಕೆ ಬಂತು.

ಆದ್ರೆ ಸಂಜೆ ಕರಕರ ಮತ್ತೆ ಶುರು. ಮೊದಲಿಗಿಂತ ಜೋರಾಗಿ. ಮೇಡಂ ಕೇಳಿದ್ರಲ್ಲ ಯಾವಾಗ ಬರುತ್ತೆ ಅಂತ, ಈಗ ನೆನಪು ಮಾಡ್ಕೊಂಡ್ರೆ ಇದು ಕರೆಂಟ್ ಹೋದಾಗ ಮಾತ್ರ ಬರೋದು. ರಿಗ್ 12 ವೋಲ್ಟ್ ಬ್ಯಾಟರಿಲಿ ಇದೆ, ಅದಕ್ಕೇನೂ ಆಗಲ್ಲ. ಮೇಲಿನ ರೂಮಿಗೆ ಇನ್ವರ್ಟರ್ ಲೈನ್ ಎಳೆಸಿಲ್ಲ, ಹಾಗಾಗಿ ಲ್ಯಾಪ್‌ಟಾಪ್ ಅದರ ಬ್ಯಾಟರಿಲಿ ಓಡುತ್ತೆ. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಇರೋದಕ್ಕಿಂತ ಹೋಗಿರೋದೇ ಜಾಸ್ತಿ ಅಂತ ನಿಮಗೆಲ್ಲಾ ಗೊತ್ತೇ ಇದೆ. ಬ್ಯಾಟರಿಗೂ ಕರಕರಕ್ಕೂ ಸಂಬಂಧ ಇರುತ್ತಾ?

ಸಿಡಬ್ಲ್ಯು_ಸಕಲೇಶಪುರ

ಇರುತ್ತೆ ಅಲ್ಲ, ಅದೇ ಮೂಲ. ಚಾರ್ಜರ್ ಹೋದ ತಕ್ಷಣ ವಿಂಡೋಸ್ ಪವರ್ ಉಳಿಸೋಕೆ ಪ್ರೊಸೆಸರ್ ವೇಗ ಇಳಿಸುತ್ತೆ, ಯುಎಸ್‌ಬಿ ಮಲಗಿಸುತ್ತೆ, ವೈಫೈ ನೆಟ್‌ವರ್ಕ್ ಕಾರ್ಡನ್ನೂ ಮಧ್ಯ ಮಧ್ಯ ಮಲಗಿಸಿ ಎಬ್ಬಿಸುತ್ತೆ. ಆಡಿಯೋಗೆ ಸರಾಸರಿ ವೇಗ ಮುಖ್ಯ ಅಲ್ಲ, ಪ್ರತಿ 10 ಮಿಲಿಸೆಕೆಂಡಿಗೆ ಒಂದು ಸಲ ತಪ್ಪದೆ ಬಂದು ಬಫರ್ ತುಂಬ್ಬೇಕು, ಒಂದು ಸಲ ತಪ್ಪಿದ್ರೂ ಕರ್ ಅನ್ನುತ್ತೆ. ನೀವು ಬಫರ್ ದೊಡ್ಡದು ಮಾಡಿದಾಗ ಆ ತಪ್ಪು ಹಾಗೇ ಇತ್ತು, ಮೇಲೆ ಮುಚ್ಚಿ ಹೋಗಿತ್ತು ಅಷ್ಟೆ, ಆ ಮುಚ್ಚಿದ್ದಕ್ಕೆ ಬೆಲೆಯಾಗಿ ತಡ ಕಟ್ತಾ ಇದ್ರಿ.

ಪವರ್ ಆಪ್ಷನ್ಸ್‌ಗೆ ಹೋಗಿ, ಬ್ಯಾಟರಿ ಮೇಲೆ ಓಡುವಾಗ್ಲೂ ಹೈ ಪರ್ಫಾರ್ಮೆನ್ಸ್ ಇಡಿ. ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಡಿಸೇಬಲ್. ರಿಗ್ ಕೇಬಲ್ ಹಾಕಿರೋ ನೆಟ್‌ವರ್ಕ್ ಪೋರ್ಟ್‌ಗೆ ಡಿವೈಸ್ ಮ್ಯಾನೇಜರ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇರುತ್ತೆ, ಪವರ್ ಉಳಿಸೋಕೆ ಇದನ್ನ ಆಫ್ ಮಾಡಬಹುದು ಅನ್ನೋ ಟಿಕ್ ತೆಗೀರಿ. ರೇಡಿಯೋ ಹಾಕಿರುವಾಗ ವೈಫೈ ಬ್ಲೂಟೂತ್ ಎರಡೂ ಆಫ್. ಇನ್ನೂ ಬಂದ್ರೆ ಲೇಟೆನ್ಸಿಮಾನ್ ಅಂತ ಒಂದು ಪ್ರೋಗ್ರಾಂ ಇದೆ, ಹತ್ತು ನಿಮಿಷ ಓಡಿಸಿ, ಯಾವ ಡ್ರೈವರ್ ಪ್ರೊಸೆಸರ್‌ನ ಹಿಡ್ಕೊಂಡು ಕೂತಿದೆ ಅಂತ ಹೆಸರು ಸಮೇತ ತೋರಿಸುತ್ತೆ. ಕರೆಂಟ್ ಇರುವಾಗ ಒಂದು ಸಲ, ಚಾರ್ಜರ್ ಕಿತ್ತು ಒಂದು ಸಲ, ಎರಡೂ ನೋಡಿ.

ಪಿಟಿಟಿ ಬಾಲ ಕಟ್ ಆಗೋದಕ್ಕೆ ಸೆಟಪ್‌ನಲ್ಲಿ ಮಾಕ್ಸ್ (MOX) ಡಿಲೇ ಅಂತ ಇದೆ. ನೀವು ಬಟನ್ ಬಿಟ್ಟ ಮೇಲೂ ಅಷ್ಟು ಹೊತ್ತು ರಿಗ್ ಕಳಿಸ್ತಾನೇ ಇರುತ್ತೆ, ಒಳಗೆ ಉಳಿದ ಮಾತು ಹೊರಗೆ ಹೋಗೋಕೆ. ಪೆನ್ ಟೆಸ್ಟ್‌ನಲ್ಲಿ ಎಷ್ಟು ಬಂತೋ ಅಷ್ಟಕ್ಕೆ ಸ್ವಲ್ಪ ಮೇಲೆ ಇಡಿ, ಜಾಸ್ತಿ ಇಟ್ರೆ ಮುಂದಿನವರ ಮೊದಲ ಅಕ್ಷರ ನೀವು ಕಳ್ಕೊತೀರ.

ಚಿಕ್ಕಮಗಳೂರು_ಲಿನಕ್ಸ್

ಲಿನಕ್ಸ್‌ನಲ್ಲಿ ಇದೇ ಹುಡುಕಾಟ ಮಾಡಿದವನು ನಾನು, ಅದಕ್ಕೆ ಒಂದೆರಡು ಮಾತು. ಪೈಪ್‌ವೈರ್ (ಲಿನಕ್ಸ್‌ನ ಆಡಿಯೋ ವ್ಯವಸ್ಥೆ) ಇದ್ರೆ ಪಿಡಬ್ಲ್ಯು-ಟಾಪ್ ಓಡಿಸಿ ನೋಡಿ, ಕ್ವಾಂಟಮ್ (ಬಫರ್ ಸೈಜ್) ಅನ್ನೋ ಕಡೆ 1024 ಇದ್ರೆ 256ಕ್ಕೆ ಇಳಿಸಬಹುದು, ಎರರ್ ಕಾಲಮ್ ಏರ್ತಾ ಹೋದ್ರೆ ನಿಮ್ಮ ಮಷಿನ್‌ಗೆ ಅದು ಆಗಲ್ಲ ಅಂತ. ಇನ್ನೊಂದು ಜಾತಿ ತೊಂದರೆ ಇದೆ, ಆನ್ ಮಾಡಿದಾಗ ಚೆನ್ನಾಗಿದ್ದು ಗಂಟೆಗಟ್ಟಲೆ ಓಡಿದ ಮೇಲೆ ತಡ ನಿಧಾನಕ್ಕೆ ಬೆಳೀತಾ ಹೋಗೋದು. ಅದು ರಿಗ್‌ನ ಕ್ಲಾಕ್ ಮತ್ತೆ ಸೌಂಡ್ ಕಾರ್ಡ್ ಕ್ಲಾಕ್ ಬೇರೆ ಬೇರೆ ಆಗಿರೋದ್ರಿಂದ. ದಶಲಕ್ಷಕ್ಕೆ ಹತ್ತು ಪಾಲು ವ್ಯತ್ಯಾಸ ಇದ್ರೂ ಗಂಟೆಗೆ 36 ಮಿಲಿಸೆಕೆಂಡ್ ಬಫರ್‌ನಲ್ಲಿ ಜಮಾ ಆಗುತ್ತೆ. ಥೀಟಿಸ್ ಅದನ್ನ ತಾನೇ ಸರಿದೂಗಿಸ್ಕೊಳುತ್ತೆ, ನಾನು ಬಳಸ್ತಿದ್ದ ಪ್ರೋಗ್ರಾಂನಲ್ಲಿ ಆ ವ್ಯವಸ್ಥೆ ಇರ್ಲಿಲ್ಲ, ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದ್ರೆ ಸರಿ ಹೋಗೋದು. ಸ್ಟಾಪ್ ಸ್ಟಾರ್ಟ್‌ಗೆ ಸರಿ ಹೋದ್ರೆ ಕ್ಲಾಕ್, ಹೋಗ್ದಿದ್ರೆ ಸೆಟ್ಟಿಂಗ್, ಹೀಗೆ ಗುರುತಿಸ್ಬಹುದು.

ಹಾಸನ_ಇಂಜಿನಿಯರಿಂಗ್_ಹುಡುಗ

ಹಳಬರೇ ನೀವು ಹೇಳಿದ್ದು ಚೆಕ್ ಮಾಡಿದೆ, ಟೈಮ್ ಸಿಂಕ್ ಆಗಿದ್ರೂ ನನ್ನ ಡಿಟಿ ಎಲ್ಲಾ 0.3 ಮೇಲೇ ಬರ್ತಿದೆ! ಡಿಎಸ್‌ಪಿ ಆಪ್ಷನ್ಸ್ ನೋಡ್ತೀನಿ. ಇನ್ನೊಂದು ಡೌಟ್, ಕ್ಯುಒ-100 ಸ್ಯಾಟಲೈಟ್ ಕೇಳೋಕೆ ಡಿಶ್ ಹಾಕ್ತಾ ಇದೀನಿ, ಅದ್ರಲ್ಲೂ ತಡ ಇರುತ್ತೆ ಅಂತಾರೆ, ಅದನ್ನೂ ಹೀಗೇ ಇಳಿಸ್ಬಹುದಾ?

ಹಾಸನ_ಹಳಬ

ಅದು ಭೂಸ್ಥಿರ ಉಪಗ್ರಹ ತಮ್ಮಾ, 25.9 ಡಿಗ್ರಿ ಪೂರ್ವದಲ್ಲಿ ನಿಂತಿದೆ. ನಮ್ಮೂರಿಂದ ನೋಡಿದ್ರೆ ಪಶ್ಚಿಮಕ್ಕೆ, ಸುಮಾರು 31 ಡಿಗ್ರಿ ಎತ್ತರದಲ್ಲಿ, ತೆಂಗಿನ ಮರ ಅಡ್ಡ ಬರ್ದೇ ಇರೋ ಜಾಗ ನೋಡ್ಕೊ. ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರೋಕೇ ಕಾಲು ಸೆಕೆಂಡು ಬೇಕು, ಬೆಳಕಿನ ವೇಗಕ್ಕೆ ಸೆಟ್ಟಿಂಗ್ ಇಲ್ಲ. ಇಲ್ಲೇ ಹಾಸನದ ಎಂಸಿಎಫ್‌ನಲ್ಲಿ (ಉಪಗ್ರಹ ನಿಯಂತ್ರಣ ಕೇಂದ್ರ) ಇಸ್ರೋದವರು ಇಂಥ ಉಪಗ್ರಹಗಳನ್ನೇ ದಿನಾ ನೋಡ್ಕೊಳೋದು, ಅವ್ರಿಗೂ ಇದೇ ಕಾಲು ಸೆಕೆಂಡು. ಅದರ ಮೇಲೆ ನಿನ್ನ ಎಸ್‌ಡಿಆರ್‌ದು ಸೇರದ ಹಾಗೆ ನೋಡ್ಕೊ. ತನ್ನ ಮಾತೇ ಕಾಲು ಸೆಕೆಂಡು ತಡವಾಗಿ ಕಿವಿಗೆ ಬಿದ್ರೆ ಯಾರಿಗಾದ್ರೂ ನಾಲಿಗೆ ತೊದಲುತ್ತೆ, ಮುಂದೆ ಮಾತಾಡೋ ಕಾಲ ಬಂದಾಗ ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಹಾಕ್ಕೊ.

ಮೂಡಿಗೆರೆ_ತೋಟ

ನಾಲ್ಕು ದಿನ ಆದ ಮೇಲೆ ಬರೀತಾ ಇದೀನಿ. ಪವರ್ ಆಪ್ಷನ್ಸ್ ಎಲ್ಲಾ ಮೇಡಂ ಹೇಳಿದ ಹಾಗೆ ಬದಲಾಯಿಸಿದೆ. ಚಾರ್ಜರ್ ಕಿತ್ತು ಲೇಟೆನ್ಸಿಮಾನ್ ಓಡಿಸ್ದಾಗ ವೈಫೈ ಡ್ರೈವರ್ ಹೆಸರೇ ಮೇಲೆ ಬಂತು, ವೈಫೈ ಆಫ್ ಮಾಡಿದ ಮೇಲೆ ಬಫರ್ 512ರಲ್ಲೇ ಕರಕರ ಒಂದೂ ಇಲ್ಲ, ನಿನ್ನೆ ಎರಡು ಗಂಟೆ ಕರೆಂಟ್ ಇಲ್ದೆ ಇದ್ರೂ ಕೇಳಿದೆ. ಬ್ಯಾಟರಿ ಬೇಗ ಇಳಿಯುತ್ತೆ, ಮೊದಲು ನಾಲ್ಕು ಗಂಟೆ ಬರೋದು ಈಗ ಎರಡೂವರೆ, ಅದು ನಂಗೆ ಸಾಕು.

ಕಳಿಸೋ ಕಡೆ ಪೆನ್ ಟೆಸ್ಟ್ ಮೊದಲು 310 ಬಂದಿತ್ತು, ಫಿಲ್ಟರ್ ಬದಲಾಯಿಸಿ ವಿಎಸಿ ಇಳಿಸಿದ ಮೇಲೆ 80. ಮಾಕ್ಸ್ ಡಿಲೇ 100 ಇಟ್ಟೆ. ಇವತ್ತು ಬೆಳಗ್ಗೆ ನೆಟ್‌ನಲ್ಲಿ ಸರಿಯಾಗಿ ನನ್ನ ಸರದಿಗೆ ಹೋದೆ, ಕಂಟ್ರೋಲ್ ಸ್ಟೇಷನ್ ಅವ್ರೇ "ಇವತ್ತು ಸೆವೆಂಟಿ ತ್ರೀ ಪೂರ್ತಿ ಬಂತು ಓಎಂ" (ಹ್ಯಾಮ್‌ಗಳು ಗೆಳೆಯಾ ಅನ್ನೋ ಹಾಗೆ) ಅಂದ್ರು. ಖುಷಿಗೆ ಕೈಯಲ್ಲಿದ್ದ ಕಾಫಿ ತಣ್ಣಗಾಗಿದ್ದೂ ಗೊತ್ತಾಗ್ಲಿಲ್ಲ.

ಮೋರ್ಸ್ ಮಾತ್ರ ಇನ್ನೂ ಪೂರ್ತಿ ಸರಿ ಇಲ್ಲ. ಎಚ್ ಆಗೋದು ನಿಂತಿದೆ, ಆದ್ರೆ ಕೈಗೂ ಕಿವಿಗೂ ಹೊಂದ್ತಾ ಇಲ್ಲ ಅನ್ಸುತ್ತೆ, 70ಕ್ಕಿಂತ ಇಳಿಸ್ಬಹುದಾ?

ಸಿಡಬ್ಲ್ಯು_ಸಕಲೇಶಪುರ

ಇಳಿಸೋಕೆ ಹೋಗ್ಬೇಡಿ, ಸೈಡ್‌ಟೋನ್‌ನ ಲ್ಯಾಪ್‌ಟಾಪಿಂದ ತಗೊಳೋದೇ ಬಿಟ್ಬಿಡಿ. ನಿಮಿಷಕ್ಕೆ 8 ಪದದ ವೇಗದಲ್ಲಿ ಒಂದು ಚುಕ್ಕಿ 150 ಮಿಲಿಸೆಕೆಂಡ್, ಅದರಲ್ಲಿ 70 ತಡ ಅಂದ್ರೆ ಅರ್ಧ ಚುಕ್ಕಿ. ವೇಗ 20ಕ್ಕೆ ಹೋದ್ರೆ ಚುಕ್ಕಿ 60ಕ್ಕೆ ಇಳಿಯುತ್ತೆ, ಆಗ ಇಡೀ ಚುಕ್ಕಿಗಿಂತ ಹಿಂದೆ ಬೀಳ್ತೀರ, ಕೈ ಕೆಟ್ಟ ಅಭ್ಯಾಸ ಕಲಿತುಬಿಡುತ್ತೆ. ನನ್ನ ಕಿವಿಗೆ 20 ಮಿಲಿಸೆಕೆಂಡ್ ದಾಟಿದ್ರೇ ಇರುಸುಮುರುಸು. ಬಝರ್ ಇರೋ ಕೀಯರ್ (ಚುಕ್ಕಿ ಗೆರೆ ತಾನೇ ಮಾಡಿಕೊಡೋ ಡಬ್ಬಿ) ತಗೊಳಿ, ಕೈಯಲ್ಲಿ ಒತ್ತೋ ಪ್ಯಾಡಲ್ ಅದಕ್ಕೆ, ಅದರ ಔಟ್‌ಪುಟ್ ರಿಗ್‌ನ ಕೀ ಜ್ಯಾಕ್‌ಗೆ, ಥೀಟಿಸ್‌ನ ಸೈಡ್‌ಟೋನ್ ವಾಲ್ಯೂಮ್ ಸೊನ್ನೆ. ಶಬ್ದ ಕೀಯರ್‌ನಿಂದಲೇ ಬರೋದ್ರಿಂದ ಲ್ಯಾಪ್‌ಟಾಪ್ ಎಷ್ಟು ತಡ ಮಾಡಿದ್ರೂ ನಿಮ್ಮ ಕೈಗೆ ತಾಗಲ್ಲ.

ನನ್ನ ಹತ್ರ ಒಂದು ಖಾಲಿ ಕೂತಿದೆ, ಬಝರ್ ಸ್ವಲ್ಪ ಕರ್ಕಶ, ಆದ್ರೆ ಟೈಮಿಂಗ್ ಸರಿಯಾಗಿದೆ. ಸಕಲೇಶಪುರದ ಕಡೆ ಬಂದಾಗ ತಗೊಂಡು ಹೋಗಿ, ಪರೀಕ್ಷೆ ಮುಗಿದ ಮೇಲೆ ವಾಪಸ್ ಕೊಟ್ರಾಯ್ತು. ಬರುವಾಗ ಪ್ಯಾಡಲ್ ಜೊತೆಗೆ ತನ್ನಿ, ಪ್ಲಗ್ ಸ್ಟೀರಿಯೋ ಇದೆಯಾ ಮೋನೋ ಇದೆಯಾ ನೋಡಿ ಇಲ್ಲೇ ಬೆಸುಗೆ ಹಾಕಿ ಕೊಡ್ತೀನಿ.